ದುರ್ಗದ ಕಬ್ಬಿಣ, ಎಲೆಯ ಉಸಿರು

ಸಸ್ಯಗಳ ಪೋಷಣೆ ಏಳನೇ ತರಗತಿಯ ಪಾಠ. ಲೋಹ, ಅಲೋಹಗಳು ಎಂಟನೇ ತರಗತಿಗೆ ಬರುತ್ತವೆ, ಹತ್ತರಲ್ಲಿ ಮತ್ತೊಮ್ಮೆ ಬರುತ್ತವೆ. ದ್ಯುತಿಸಂಶ್ಲೇಷಣೆ ಜೀವಶಾಸ್ತ್ರದ ಪಾಲಿಗೆ, ಕಬ್ಬಿಣ ರಸಾಯನಶಾಸ್ತ್ರದ ಪಾಲಿಗೆ, ಬೆಟ್ಟದ ಕಲ್ಲು ಭೂಗೋಳದ ಪಾಲಿಗೆ ಹಂಚಿಹೋಗಿವೆ. ಪರೀಕ್ಷೆಗೆ ಈ ಹಂಚಿಕೆ ಅನುಕೂಲ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನೆಲವನ್ನು ಇಷ್ಟು ಕಾಲ ಓದುತ್ತ ಬಂದವರ ಕೆಲಸವನ್ನು ಸಾಲಾಗಿಟ್ಟು ನೋಡಿದರೆ, ಈ ಪಾಠಗಳೆಲ್ಲ ಒಂದೇ ಕಥೆಯ ತುಂಡುಗಳು ಎಂದು ಗೊತ್ತಾಗುತ್ತದೆ. ಆ ಓದು ಹೇಗೆ ಬೆಳೆಯಿತು, ಅದರಲ್ಲಿ ಎಷ್ಟು ಶಾಲೆಯೊಳಕ್ಕೆ ಬಂತು ಎಂಬುದನ್ನು ಇಲ್ಲಿ ನೋಡೋಣ.

ಲೋಹದ ವಿದ್ಯೆ ಈ ಸೀಮೆಯಲ್ಲಿ ಯಾವ ಪುಸ್ತಕಕ್ಕಿಂತಲೂ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಬೃಹತ್ ಶಿಲಾಸಮಾಧಿಗಳಲ್ಲಿ ಕಬ್ಬಿಣದ ಸಾಮಾನುಗಳು ಸಿಕ್ಕವು. ಆ ಸಮಾಧಿಗಳ ಕಾಲದಿಂದ ಹತ್ತೊಂಬತ್ತನೇ ಶತಮಾನದವರೆಗೂ ಕಬ್ಬಿಣ ತೆಗೆಯುವ ಕ್ರಮ ಮೂಲದಲ್ಲಿ ಒಂದೇ. ಮಣ್ಣಿನ ಕುಲುಮೆಗೆ ಅದಿರು, ಇದ್ದಿಲು ಸುರಿದು ತಿದಿ ಒತ್ತಬೇಕು. ಇದ್ದಿಲಿನ ಇಂಗಾಲ ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತುಕೊಂಡು ಹೊಗೆಯಾಗಿ ಹೋಗುತ್ತದೆ. ಕಿಟ್ಟ ಬೇರೆಯಾಗುತ್ತದೆ, ತಳದಲ್ಲಿ ಕಬ್ಬಿಣದ ಮುದ್ದೆ ಉಳಿಯುತ್ತದೆ. ಅದನ್ನು ಕೆಂಡದ ಬಿಸಿಯಲ್ಲೇ ಬಡಿದು ಬಡಿದು ಉಳಿದ ಕಿಟ್ಟವನ್ನು ಹಿಂಡಿ ತೆಗೆಯಬೇಕು. ಈ ಇಂಗಾಲ ಬಂದದ್ದು ಮರದಿಂದ, ಮರಕ್ಕೆ ಅದನ್ನು ಕಟ್ಟಿಕೊಟ್ಟದ್ದು ಎಲೆ. ಲೋಹ, ಅಲೋಹ, ದ್ಯುತಿಸಂಶ್ಲೇಷಣೆ ಮೂರೂ ಆ ಕುಲುಮೆಯೊಳಗಿದ್ದವು. ಊದುವವನಿಗೆ ಸೂತ್ರ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಆ ಕೆಲಸವನ್ನು ಬರೆದಿಟ್ಟವರಲ್ಲಿ ಫ್ರಾನ್ಸಿಸ್ ಬುಕಾನನ್ ಮುಖ್ಯನಾದವನು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಹೊರಟ ಅವನ ಮೈಸೂರು ಸೀಮೆಯ ಪ್ರವಾಸದ ಕಥನ 1807ರಲ್ಲಿ ಅಚ್ಚಾಯಿತು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವವರನ್ನು ಅವನು ಕಂಡ. ಸೌಳು ಮಣ್ಣಿನ ಕ್ಷಾರ, ಬೆಣಚುಕಲ್ಲಿನ ಪುಡಿ ಸೇರಿದರೆ ಗಾಜು. ಅದಕ್ಕೆ ಬಣ್ಣ ಕೊಡುವವು ಲೋಹಗಳು. ಗಾಜಿನೊಳಗೆ ಕಬ್ಬಿಣ ಇರುವ ಸ್ಥಿತಿಯನ್ನು ನೋಡಿಕೊಂಡು ಹಸಿರೋ ಹಳದಿ ಮಿಶ್ರಿತ ಕಂದೋ ಬರುತ್ತದೆ, ಹೆಚ್ಚಾದರೆ ಕಪ್ಪಾಗುತ್ತದೆ. ತಾಮ್ರದಿಂದ ನೀಲಿ ಹಸಿರು, ಒಲೆಯ ಗಾಳಿ ಕಡಿಮೆ ಮಾಡಿದರೆ ಅದೇ ತಾಮ್ರದಿಂದ ಕೆಂಪು. ಒಂದೇ ಲೋಹ ಆಮ್ಲಜನಕ ಸಿಕ್ಕಾಗ ಒಂದು ಬಣ್ಣ, ಸಿಗದಾಗ ಇನ್ನೊಂದು ಬಣ್ಣ ತೋರುತ್ತದೆ ಎಂಬ ಈ ಸಂಗತಿಯೇ ಮುಂದೆ ದುರ್ಗದ ಬೆಟ್ಟಗಳನ್ನು ಅರ್ಥಮಾಡಿಕೊಳ್ಳುವುದಕ್ಕೂ ಕೀಲಿಯಾಯಿತು.

ಕಲ್ಲಿನ ಓದು ಕ್ರಮವಾಗಿ ಆರಂಭವಾದದ್ದು ರಾಬರ್ಟ್ ಬ್ರೂಸ್ ಫೂಟ್ ಅವರಿಂದ. 1880ರ ದಶಕದಲ್ಲಿ ಅವರು ಈ ಭಾಗದ ಹಳೆಯ ಶಿಲೆಗಳಿಗೆ ಧಾರವಾಡ ಶಿಲಾವರ್ಗ ಎಂಬ ಹೆಸರು ಕೊಟ್ಟರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅವರೇ ಅದನ್ನು ಕಟ್ಟಿದರು. ಆಮೇಲೆ ಬಂದ ಡಬ್ಲ್ಯು. ಎಫ್. ಸ್ಮೀತ್ ಕಾಲದಲ್ಲಿ ವಿಚಾರ ಬೇರೆ ದಾರಿ ಹಿಡಿಯಿತು. ಈ ಶಿಲೆಗಳೆಲ್ಲ ಬಹುಮಟ್ಟಿಗೆ ಬೆಂಕಿಯಿಂದಲೇ ಹುಟ್ಟಿದವು, ಗುಂಡುಕಲ್ಲುಗಳ ಪದರವೂ ಬಂಡೆ ನುಚ್ಚಾಗಿ ಆದದ್ದು, ಸುಣ್ಣಕಲ್ಲೂ ರೂಪ ಬದಲಿಸಿದ ಅಗ್ನಿಶಿಲೆ ಎಂದು ಅವರು ನಂಬಿದ್ದರು. ಇದು ಪಂಡಿತರ ನಡುವಿನ ಸಣ್ಣ ತಕರಾರಾಗಿರಲಿಲ್ಲ. ಸುಣ್ಣಕಲ್ಲು ಬೆಂಕಿಯಲ್ಲಿ ಹುಟ್ಟಿದ್ದಾದರೆ ಅದರಲ್ಲಿ ಜೀವದ ಗುರುತು ಹುಡುಕುವ ಮಾತೇ ಇಲ್ಲ.

ಆ ನಂಬಿಕೆ ಕರಗಲು ಹಲವು ದಶಕ ಬೇಕಾದವು. ಸಂಸ್ಥಾನದ ಇಲಾಖೆಯಲ್ಲೇ ಬೆಳೆದ ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಮೊದಲಾದವರು ನೀರಿನ ಕುರುಹುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಸುತ್ತ ಬೇರೆ ಬೇರೆ ಜಾತಿಯ ಗುಂಡುಕಲ್ಲುಗಳು ಹೂತು ಗಟ್ಟಿಯಾದ ಪದರವಿದೆ. ಅಂಚು ಸವೆದು ದುಂಡಾದ ಕಲ್ಲು ಹರಿವ ನೀರಿನ ಕೆಲಸ. ಚಿತ್ರದುರ್ಗಕ್ಕೂ ಹಿರಿಯೂರಿಗೂ ನಡುವೆ ಮರಡಿಹಳ್ಳಿಯಲ್ಲಿ ಲಾವಾ ದಿಂಬಿನಾಕಾರದ ಉಂಡೆಗಳಾಗಿ ಹೆಪ್ಪುಗಟ್ಟಿದೆ. ಲಾವಾ ಹೀಗೆ ಉಂಡೆಗಟ್ಟುವುದು ನೀರಿನಡಿ ಹರಿದಾಗ ಮಾತ್ರ. ಅಂದರೆ ಇಲ್ಲಿ ಸಮುದ್ರವಿತ್ತು, ಅದರ ತಳದಲ್ಲಿ ಅಗ್ನಿಪರ್ವತವಿತ್ತು. ಬಿಸಿನೀರಿನೊಡನೆ ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಗಂಧಕ ಆ ಸಮುದ್ರಕ್ಕೆ ಬಂದವು.

ಚಿತ್ರದುರ್ಗದ ಹತ್ತಿರದ ಇಂಗಳದಾಳದ ತಾಮ್ರದ ಅದಿರು ಆ ಕಾಲದ್ದು. ಹಿತ್ತಾಳೆಯಂತೆ ಹೊಳೆಯುವ ಆ ಖನಿಜದಲ್ಲಿ ತಾಮ್ರ, ಕಬ್ಬಿಣಗಳೆಂಬ ಎರಡು ಲೋಹಗಳನ್ನು ಗಂಧಕವೆಂಬ ಒಂದು ಅಲೋಹ ಹಿಡಿದಿಟ್ಟಿದೆ. ಹುರಿದರೆ ಗಂಧಕ ಉರಿದು ಮೂಗು ಕಟ್ಟಿಸುವ ಗಾಳಿಯಾಗುತ್ತದೆ, ನೀರಿಗೆ ಸೇರಿದರೆ ಆಮ್ಲವಾಗುತ್ತದೆ. ಅಲೋಹಗಳ ಆಕ್ಸೈಡುಗಳು ಆಮ್ಲೀಯ ಎಂದು ಮಕ್ಕಳು ಬಾಯಿಪಾಠ ಮಾಡುವ ಸಾಲಿನ ಅರ್ಥ ಇದೇ. ಹಳೆಯ ಕಾಲದ ಅಗೆತದ ಗುರುತುಗಳಿದ್ದ ಆ ಜಾಗದಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯ ತಾಮ್ರದ ಗಣಿ ನಡೆದು ಈಗ ನಿಂತಿದೆ.

1981ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ದಕ್ಷಿಣ ಕರ್ನಾಟಕದ ಹಳೆಯ ಶಿಲೆಗಳ ಬಗ್ಗೆ ದೊಡ್ಡ ಗ್ರಂಥ ಹೊರತಂದಾಗ ಚಿತ್ರದುರ್ಗ ಶಿಲಾಸಮೂಹವನ್ನು ಮೂರು ಭಾಗ ಮಾಡಿದರು: ವಾಣಿವಿಲಾಸ, ಇಂಗಳದಾಳ, ಹಿರಿಯೂರು. ನಮ್ಮ ಬಸ್ಸುಗಳ ಬೋರ್ಡಿನ ಮೇಲಿರುವ ಊರ ಹೆಸರುಗಳು ಜಗತ್ತಿನ ಭೂವಿಜ್ಞಾನದ ಪತ್ರಿಕೆಗಳಲ್ಲಿ ಶಿಲಾಸ್ತರಗಳ ಹೆಸರುಗಳಾಗಿವೆ. ಹಿರಿಯೂರಿನ ಎಷ್ಟು ಮಕ್ಕಳಿಗೆ ಇದು ಗೊತ್ತು?

ಇದೇ ದಶಕದಲ್ಲಿ ಅತ್ಯಂತ ಮಹತ್ವದ ಸುದ್ದಿ ಬಂತು. ವಾಣಿವಿಲಾಸ ವಿಭಾಗದ ಸುಣ್ಣಕಲ್ಲಿನಲ್ಲಿ, ಮಾರಿಕಣಿವೆ, ಭೀಮಸಮುದ್ರಗಳ ಕಡೆ, ಸ್ಟ್ರೊಮ್ಯಾಟೊಲೈಟುಗಳು ಇವೆ ಎಂದು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಆರ್. ಶ್ರೀನಿವಾಸನ್, ಎಸ್. ಎಂ. ನಖ್ವಿ ಮತ್ತು ಸಂಗಡಿಗರು ಪ್ರಕಟಿಸಿದರು. ಕಲ್ಲಿನ ಮುರಿದ ಮೈಯನ್ನು ನೋಡಿದರೆ ಅಡ್ಡಡ್ಡ ಕೊಯ್ದ ಈರುಳ್ಳಿಯಂತೆ ಒಂದರ ಮೇಲೊಂದು ಬಾಗಿದ ತೆಳು ಪದರಗಳು ಕಾಣುತ್ತವೆ. ಒಂದೊಂದು ಪದರವೂ ಆಳವಿಲ್ಲದ ನೀರಿನ ತಳದಲ್ಲಿ ಸೂಕ್ಷ್ಮಜೀವಿಗಳು ಹಾಸಿಕೊಂಡಿದ್ದ ಲೋಳೆಯ ಚಾಪೆ. ಅದರ ಮೇಲೆ ಹೂಳು ಕೂರುತ್ತದೆ, ಸುಣ್ಣ ಗಟ್ಟಿಯಾಗುತ್ತದೆ, ಬೆಳಕು ಬೇಕಾದ ಜೀವಿಗಳು ಮೇಲಕ್ಕೆ ಸರಿದು ಹೊಸ ಚಾಪೆ ಹಾಸುತ್ತವೆ. ಸುಮಾರು 260 ಕೋಟಿ ವರ್ಷಗಳ ಹಿಂದೆ ಇಲ್ಲಿ ಬಿಸಿಲನ್ನು ಉಣ್ಣುತ್ತಿದ್ದ ಜೀವವಿತ್ತು.

ಆ ಜೀವಿಗಳು ಆಮ್ಲಜನಕವನ್ನೂ ಬಿಡುತ್ತಿದ್ದವೇ ಎಂಬುದು ಇಂದಿಗೂ ಚರ್ಚೆಯಲ್ಲಿದೆ. ಬೆಳಕು ಬಳಸುವ ಎಲ್ಲ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಬಿಡುವುದಿಲ್ಲ. ಭೂಮಿಯ ಗಾಳಿಯಲ್ಲಿ ಆಮ್ಲಜನಕ ಗಣನೀಯವಾಗಿ ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ಅಂದರೆ ದುರ್ಗದ ಸುಣ್ಣಕಲ್ಲಿಗಿಂತ ಈಚೆಗೆ. ಅದಕ್ಕೂ ಮೊದಲು ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂಬುದಕ್ಕೆ ಕರ್ನಾಟಕದ್ದೇ ಒಂದು ಸಾಕ್ಷಿ ಪಶ್ಚಿಮ ಘಟ್ಟದ ವಾಲ್ಕುಂಜಿಯ ಹಳೆಯ ಬೆಣಚು ಗುಂಡುಕಲ್ಲಿನ ಪದರಗಳಲ್ಲಿದೆ. ಅಲ್ಲಿರುವ ಯುರೇನಿಯಂ ಖನಿಜದಂಥವು ಇಂದಿನ ಗಾಳಿಯಲ್ಲಿ ಹೊಳೆಯ ಪಾತ್ರದಲ್ಲಿ ಉರುಳಿದ್ದರೆ ಉಳಿಯುತ್ತಲೇ ಇರಲಿಲ್ಲ. ಹಾಗಿದ್ದೂ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಪದರಗಳು ಹೇರಳ. ಗಾಳಿಯಲ್ಲಿ ಇಲ್ಲದಿದ್ದರೂ ದಡದ ನೀರಿನಲ್ಲಿ ಅಲ್ಲಲ್ಲಿ ಆಮ್ಲಜನಕ ಕೂಡಿರಬಹುದು ಎಂಬ ವಾದಕ್ಕೆ ಇಂಥ ಪದರಗಳು ಬಲ ಕೊಡುತ್ತವೆ. ನನಗೂ ಆ ವಾದವೇ ಹೆಚ್ಚು ಒಪ್ಪಿಗೆಯಾಗುತ್ತದೆ.

ಕಾರಣ ರಸಾಯನದಲ್ಲಿದೆ. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿ ಉಪ್ಪಿನ ಹಾಗೆ ಕರಗಿರುತ್ತದೆ. ಆಮ್ಲಜನಕ ತಗಲಿದರೆ ಫೆರಿಕ್ ಆಗಿ ತುಕ್ಕಾಗಿ ತಳಕ್ಕೆ ಬೀಳುತ್ತದೆ. ಮ್ಯಾಂಗನೀಸ್ ಬೀಳಬೇಕಾದರೆ ಇನ್ನೂ ಬಲವಾದ ಉತ್ಕರ್ಷಣೆ ಬೇಕು. ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳ ಕರಿ ಅದಿರು ಅದೇ ಮ್ಯಾಂಗನೀಸ್. ಅಡಿಕೆ, ತೆಂಗಿನ ಎಲೆಯೊಳಗೂ ಆ ಲೋಹ ಇದೆ. ನೀರನ್ನು ಒಡೆದು ಆಮ್ಲಜನಕ ಬಿಡಿಸುವ ಸೂಕ್ಷ್ಮ ಯಂತ್ರದ ನಡುವೆ ನಾಲ್ಕು ಮ್ಯಾಂಗನೀಸ್ ಪರಮಾಣುಗಳೂ ಒಂದು ಕ್ಯಾಲ್ಸಿಯಂ ಪರಮಾಣುವೂ ಕೂತಿವೆ. ಜಪಾನಿನ ವಿಜ್ಞಾನಿಗಳು 2011ರಲ್ಲಿ ಅದರ ಸ್ಪಷ್ಟ ಚಿತ್ರ ತೆಗೆದರು. ಲೋಹವಿಲ್ಲದೆ ದ್ಯುತಿಸಂಶ್ಲೇಷಣೆಯೇ ಇಲ್ಲ. ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂ ಇದ್ದರೆ, ಆ ಪತ್ರಹರಿತ್ತು ತಯಾರಾಗಲು ಕಬ್ಬಿಣ ಬೇಕು.

ಇಷ್ಟನ್ನೂ ಕನ್ನಡದಲ್ಲಿ ಹೇಳುವ ಶಕ್ತಿ ನಮಗೆ ಬಹಳ ಹಿಂದೆಯೇ ಬಂದಿತ್ತು. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲ ಪ್ರಪಂಚ’, ಮುಂದೆ ‘ವಿಜ್ಞಾನ ಪ್ರಪಂಚ’ ಬರೆದರು. ಜೆ. ಆರ್. ಲಕ್ಷ್ಮಣರಾವ್ ಹುಟ್ಟಿದ್ದು 1921ರಲ್ಲಿ ಜಗಳೂರಿನಲ್ಲಿ, ಆಗ ಅದು ಚಿತ್ರದುರ್ಗ ಜಿಲ್ಲೆಯದೇ ತಾಲ್ಲೂಕು. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಅವರು ಪರಮಾಣುವಿನ ಚರಿತ್ರೆಯನ್ನು ಯಾರಿಗೂ ತಿಳಿಯುವ ಕನ್ನಡದಲ್ಲಿ ಬರೆದರು. 1980ರಲ್ಲಿ ಕಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿಗೂ ‘ಬಾಲವಿಜ್ಞಾನ’ ಪತ್ರಿಕೆಗೂ ದುಡಿದರು. ಭಾಷೆ ಸಿದ್ಧವಾಗಿತ್ತು. ಕೊರತೆ ಇದ್ದದ್ದು ಪಾಠಕ್ಕೂ ಊರಿಗೂ ಇರಬೇಕಾದ ನಂಟಿನಲ್ಲಿ. ಇಡೀ ದೇಶಕ್ಕೆ ಒಂದೇ ಅಚ್ಚಿನ ಪಠ್ಯ ಬಂದ ಮೇಲೆ ಆ ನಂಟು ಇನ್ನೂ ಸಡಿಲವಾಯಿತು. ಅದಕ್ಕೆ ಪುಸ್ತಕವನ್ನು ದೂರುವುದು ಸರಿಯಲ್ಲ. ದೇಶದ ಪುಸ್ತಕ ಭೀಮಸಮುದ್ರದ ಕಲ್ಲನ್ನು ಹೇಳಲಾರದು, ಅದು ಮೇಷ್ಟ್ರು ಸೇರಿಸಬೇಕಾದ ಮಾತು.

ಸೇರಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಹೊಸದಾಗಿ ತಂದ ತಿಳಿ ಹಸಿರು ಹರಳುಗಳನ್ನು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಸುಣ್ಣದ ತಿಳಿ ಹನಿಸಿದರೆ ಕೊಳಕು ಹಸಿರಿನ ಗಸಿ ಕೂರುತ್ತದೆ. ಗಾಜಿನ ಲೋಟವನ್ನು ಮೇಜಿನ ಮೇಲೆ ಅಲುಗಿಸದೆ ಬಿಡಬೇಕು. ಗಾಳಿ ತಗಲುವ ಮೇಲ್ಭಾಗದಲ್ಲಿ ಮೊದಲು ಕಂದು ಬಣ್ಣದ ತೆಳು ಪಟ್ಟಿ ಕಾಣುತ್ತದೆ. ನಿಧಾನವಾಗಿ ಅದು ಕೆಳಗಿಳಿಯುತ್ತದೆ. ದುರ್ಗದ ಹಳೆಯ ಸಮುದ್ರದಲ್ಲಿ ಕಬ್ಬಿಣಕ್ಕೆ ಆಗಿರಬಹುದಾದದ್ದನ್ನು ಮಕ್ಕಳು ಒಂದು ಪಿರಿಯಡ್ಡಿನಲ್ಲಿ ಕಣ್ಣಾರೆ ನೋಡಬಹುದು.

ಅದೇ ಅನ್ನಭೇದಿ ಹೊಲಕ್ಕೂ ಹೋಗುತ್ತದೆ. ಕೆಂಪು ನೆಲದ ಬಣ್ಣವೇ ಕಬ್ಬಿಣದ್ದು. ಆದರೂ ಸುಣ್ಣದ ಅಂಶ ಹೆಚ್ಚಿರುವ ಜಮೀನಿನಲ್ಲಿ ಶೇಂಗಾದ ಎಳೆ ಎಲೆಗಳು ನರಗಳ ನಡುವೆ ಹಳದಿಯಾಗುತ್ತವೆ. ಮಣ್ಣಿನಲ್ಲಿ ಕಬ್ಬಿಣ ಇದೆ, ಫೆರಿಕ್ ರೂಪದಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ಬೇರಿಗೆ ದಕ್ಕುವುದಿಲ್ಲ. ಅದಕ್ಕೇ ಎಲೆಗೆ ಅನ್ನಭೇದಿಯ ತೆಳು ದ್ರಾವಣ ಸಿಂಪಡಿಸಲು ಕೃಷಿ ಇಲಾಖೆಯವರು ಹೇಳುವುದು. ಹಸಿರು ಮರಳಿದರೆ ಎಲೆ ಮತ್ತೆ ಅಡುಗೆಗೆ ಕೂರುತ್ತದೆ. ಈ ಶೇಂಗಾ ನಮ್ಮದೇ ಎನ್ನುವಷ್ಟು ನಮ್ಮದಾಗಿದ್ದರೂ ಮೂಲ ದಕ್ಷಿಣ ಅಮೆರಿಕ. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ಇಂಥ ಬೆಳೆಗಳ ವಲಸೆಯ ಬಗ್ಗೆ ಬರೆದ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಪೋಷಣೆಯ ಪಾಠ ಮಾಡುವ ಪ್ರತಿಯೊಬ್ಬ ಶಿಕ್ಷಕರೂ ಓದಬೇಕಾದ ಪುಸ್ತಕ.

ಮನುಷ್ಯರ ಹೊಟ್ಟೆಯ ಕಥೆಯೂ ಬೇರೆಯಲ್ಲ. ಸೊಪ್ಪು, ಕಾಳು, ರಾಗಿಯಲ್ಲಿ ಕಬ್ಬಿಣವಿದ್ದರೂ ಬಹುಪಾಲು ಕರುಳಿಗೆ ಸುಲಭವಾಗಿ ದಕ್ಕುವ ರೂಪದಲ್ಲಿ ಇರುವುದಿಲ್ಲ. ಕಾಳುಗಳಲ್ಲಿರುವ ಫೈಟೇಟ್ ಅದನ್ನು ಕಟ್ಟಿಹಾಕುತ್ತದೆ, ಊಟದ ಜೊತೆ ಕುಡಿದ ಟೀ ಇನ್ನಷ್ಟು ತಡೆಯುತ್ತದೆ. ಮೊಳಕೆ ಕಟ್ಟಿಸಿದರೆ ಫೈಟೇಟ್ ಇಳಿಯುತ್ತದೆ. ಸಾರು ಇಳಿಸಿದ ಮೇಲೆ ಹಿಂಡಿದ ನಿಂಬೆರಸದ ಸಿ ಜೀವಸತ್ವ ಫೆರಿಕ್ಕನ್ನು ಫೆರಸ್ ಮಾಡಿ ಕರುಳಿಗೆ ದಾಟಿಸುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿರುವುದೂ ಫೆರಸ್ ರೂಪವೇ. ಮಾತ್ರೆ ಹಂಚುವ ದಿನವೇ ಈ ಪಾಠವನ್ನೂ ಹೇಳಿಬಿಟ್ಟರೆ, ನುಂಗಲು ಹಿಂಜರಿಯುವ ಹುಡುಗಿಗೆ ಅದೇಕೆ ಬೇಕೆಂದಾದರೂ ತಿಳಿಯುತ್ತದೆ.

ಅಲೋಹಗಳ ಪೈಕಿ ಈ ಜಿಲ್ಲೆಯನ್ನು ಹೆಚ್ಚು ಕಾಡಿದ್ದು ಫ್ಲೋರಿನ್. ಗ್ರಾನೈಟಿನ ಖನಿಜಗಳಿಂದ ಫ್ಲೋರೈಡ್ ಕರಗಿ ಕೊಳವೆಬಾವಿಯ ನೀರಿಗೆ ಬರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಕ್ಷಾರ ಹೆಚ್ಚಿದ್ದರೆ ಕರಗುವುದೂ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಮೀರಿದ ನೀರನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರದ ನೀರು ಊರುಗಳಿಗೆ ತಲುಪುವುದು ಈ ದೃಷ್ಟಿಯಿಂದಲೂ ದೊಡ್ಡ ಸಂಗತಿ. ಕೆರೆಕಟ್ಟೆಯ ಮಳೆನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಬಂದ ಮೇಲೆ ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಪ್ರಯೋಗಗಳನ್ನು ಕೈಯಾರೆ ಮಾಡಿಸುವ ಅಲ್ಲಿನ ಪದ್ಧತಿ ನನಗೆ ಬಹಳ ಭರವಸೆ ಕೊಟ್ಟಿದೆ. ಆ ತರಬೇತಿಗೆ ಒಂದು ದಿನದ ಬಯಲಿನ ಓದು ಸೇರಲಿ: ಬೆಳಿಗ್ಗೆ ಮರಡಿಹಳ್ಳಿ, ಮಧ್ಯಾಹ್ನ ಮಾರಿಕಣಿವೆ, ಸಂಜೆಗೆ ಭೀಮಸಮುದ್ರ. ಮರಡಿಹಳ್ಳಿಯ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿದೆ, ದುರ್ಗದ ಸ್ಟ್ರೊಮ್ಯಾಟೊಲೈಟುಗಳು ಆ ಪಟ್ಟಿಯಲ್ಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಲೆಕ್ಕ, ಕಾಡಿನ ಲೆಕ್ಕ ಎರಡೂ ಆಯಿತು. ಸುಣ್ಣಕಲ್ಲಿಗೆ ಅಂಥ ಲೆಕ್ಕ ಇನ್ನೂ ಬಾಕಿ. ಅದು ಸಿಮೆಂಟಿಗೂ ಬೇಕಾಗುವ ಸರಕು, ಪುಡಿಯಾದ ಮೇಲೆ ಅದರಲ್ಲಿದ್ದ ಪದರ ಮತ್ತೆ ಸಿಗುವುದಿಲ್ಲ. ಆ ಬಂಡೆಗಳಿರುವ ಜಾಗಗಳನ್ನು ಗುರುತಿಸಿ ಬೇಲಿ ಹಾಕುವ ಕೆಲಸ ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದಲೇ ಆರಂಭವಾಗಬೇಕು.