ಉಂಗುರದೊಳಗೆ ಹಾಯುವ ಹೊದಿಕೆ

ಚರಿತ್ರೆ ಎಂದೊಡನೆ ಅರಸರು, ಯುದ್ಧಗಳು, ಕೋಟೆಕೊತ್ತಲಗಳು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಎಳೆಗೂಸಿಗೆ ಹೊದಿಸುವ ಉಣ್ಣೆಯ ವಸ್ತ್ರಕ್ಕೂ ಒಂದು ಚರಿತ್ರೆಯುಂಟು. ಅದನ್ನು ಹೆಣೆದ ಕೈಗಳಿಗೂ ಉಂಟು. ಅರಸರ ಚರಿತ್ರೆಯನ್ನು ಬರೆಯಲು ಆಸ್ಥಾನ ಪಂಡಿತರಿದ್ದರು. ಈ ಕೈಗಳ ಚರಿತ್ರೆಯನ್ನು ಬರೆದವರು ವಿರಳ. ಆದ್ದರಿಂದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಪಾಲಿಗೆ ಬಂದ ಪುಟಗಳನ್ನು ದೂರದ ಶೆಟ್ಲೆಂಡ್ ದ್ವೀಪಗಳ ಹೆಣಿಗೆಗಾರ್ತಿಯರಿಗೆ ಮೀಸಲಿಡಲು ಬಯಸುತ್ತೇವೆ.

ಸ್ಕಾಟ್ಲೆಂಡಿನ ಉತ್ತರಕ್ಕೆ, ಅಟ್ಲಾಂಟಿಕ್ ಸಾಗರವೂ ಉತ್ತರ ಸಮುದ್ರವೂ ಕೂಡುವೆಡೆ ಈ ದ್ವೀಪಸಮೂಹವಿದೆ. ಅದರ ಉನ್ಸ್ಟ್ ದ್ವೀಪವು ಬ್ರಿಟನ್ನಿನಲ್ಲಿ ಜನವಸತಿಯುಳ್ಳ ದ್ವೀಪಗಳ ಪೈಕಿ ಅತ್ಯಂತ ಉತ್ತರದ್ದು. ಅಲ್ಲಿ ಮರಗಳು ಅಪರೂಪ, ಗಾಳಿ ಬಲು ಬಿರುಸು, ಬೆಳೆ ಅತ್ಯಲ್ಪ. ಆದರೆ ಅಲ್ಲಿನ ಗಿಡ್ಡ ಜಾತಿಯ ಕುರಿಗಳ ಉಣ್ಣೆ ಬಹು ನಯವಾದುದು. ಹಿಂದಿನ ಕಾಲದಲ್ಲಿ ಅದನ್ನು ಕತ್ತರಿಯಿಂದ ಕತ್ತರಿಸುತ್ತಿರಲಿಲ್ಲ. ಬೇಸಗೆಯ ಆರಂಭದಲ್ಲಿ ಅದು ತಾನಾಗಿ ಸಡಿಲಗೊಂಡಾಗ ಕೈಯಿಂದಲೇ ಮೆಲ್ಲನೆ ಬಿಡಿಸುತ್ತಿದ್ದರು. ಕುತ್ತಿಗೆಯ ಭಾಗದ ಉಣ್ಣೆಯನ್ನು ಬೇರೆಯಾಗಿ ತೆಗೆದಿರಿಸಿ, ರಾಟೆಯ ಮೇಲೆ ಅತಿ ಸಣ್ಣ ಎಳೆಯಾಗಿ ನೂಲುತ್ತಿದ್ದರು.

ಈ ನೂಲಿನಿಂದ ಅವರು ಹೆಣೆದ ಹೊದಿಕೆ ನಾವು ಕಂಡ ಕಂಬಳಿಯಂತೆ ದಪ್ಪವಾದುದಲ್ಲ. ಲೇಸಿನಂತೆ ರಂಧ್ರರಂಧ್ರವಾಗಿ ಬೆಳಕು ಹಾಯುವಂಥದು. ಸುಮಾರು 6 ಅಡಿ ಚೌಕದ ಹೊದಿಕೆಯನ್ನು ಮದುವೆಯ ಉಂಗುರದೊಳಗಿಂದ ಸರಾಗವಾಗಿ ಎಳೆಯಬಹುದಾಗಿತ್ತು. ಇಷ್ಟು ತೆಳುವಾದರೂ ಉಣ್ಣೆಯ ಎಳೆಗಳ ನಡುವೆ ಗಾಳಿ ನಿಂತು ಮೈಯನ್ನು ಬೆಚ್ಚಗಿಡುತ್ತದೆ. ದಿನಬಳಕೆಗೆ ಇನ್ನೂ ದಪ್ಪ ನೂಲಿನ ಹೊದಿಕೆಯುಂಟು. ಅದಕ್ಕೆ ‘ಹ್ಯಾಪ್’ ಎಂದು ಹೆಸರು. ಅಲ್ಲಿಯವರ ಮಾತಿನಲ್ಲಿ ಆ ಪದಕ್ಕೆ ‘ಹೊದಿಸು’ ಎಂದೇ ಅರ್ಥ.

ಹೆಣಿಗೆಯ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿದರೆ ಒಂದು ರಂಧ್ರ ಉಂಟಾಗುತ್ತದೆ. ಜೊತೆಗೆ ಒಂದು ಕುಣಿಕೆ ಹೆಚ್ಚುತ್ತದೆ. ಆದುದರಿಂದ ಬೇರೆಡೆ ಎರಡು ಕುಣಿಕೆಗಳನ್ನು ಒಂದಾಗಿ ಹೆಣೆದು ಲೆಕ್ಕವನ್ನು ಸರಿದೂಗಿಸಬೇಕು. ಒಂದು ಸಾಲಿನಲ್ಲಿ ಲೆಕ್ಕ ತಪ್ಪಿದರೆ ಮುಂದಿನ ಸಾಲುಗಳೆಲ್ಲ ತಪ್ಪುತ್ತವೆ. ಕಡಲ ತೆರೆ, ಜರೀಗಿಡದ ಎಲೆ, ಬೆಕ್ಕಿನ ಹೆಜ್ಜೆ ಮೊದಲಾದ ಹೆಸರಿನ ವಿನ್ಯಾಸಗಳು ತಾಯಿಯಿಂದ ಮಗಳಿಗೆ ಕೈಯಿಂದ ಕೈಗೆ ಬಂದವು. ಮುಗಿದ ಹೊದಿಕೆಯನ್ನು ತೊಳೆದು, ಒದ್ದೆಯಿರುವಾಗಲೇ ಮರದ ಚೌಕಟ್ಟಿಗೆ ಬಿಗಿದು ಒಣಗಿಸುತ್ತಿದ್ದರು. ಆಗಲೇ ವಿನ್ಯಾಸ ಅರಳಿ ಕಾಣುವುದು.

ಈ ಕೆಲಸಕ್ಕೆ ಅವರಿಗೆ ಬಿಡುವೆಲ್ಲಿತ್ತು? ಗಂಡಸರು ಕಡಲಿಗೆ ಹೋದರೆ ಹೊಲ, ದನ, ಮಕ್ಕಳು ಎಲ್ಲವೂ ಹೆಂಗಸರ ಪಾಲು. ಪೀಟ್ ಎಂಬ ಉರುವಲು ಮಣ್ಣನ್ನು ಬುಟ್ಟಿಯಲ್ಲಿ ಬೆನ್ನಿಗೆ ಹೊತ್ತು ಬರುವಾಗಲೂ ಅವರ ಕೈಗಳು ಹೆಣೆಯುತ್ತಲೇ ಇದ್ದವು. ಸೊಂಟಕ್ಕೆ ಕಟ್ಟಿದ ಚರ್ಮದ ಪಟ್ಟಿಯ ರಂಧ್ರದಲ್ಲಿ ಒಂದು ಕಡ್ಡಿಯ ತುದಿಯನ್ನು ಊರಿ, ನಡೆಯುತ್ತಲೇ ಹೆಣೆಯುವುದು ಅಲ್ಲಿಯ ವಾಡಿಕೆ.

1837ರಲ್ಲಿ ಶೆಟ್ಲೆಂಡಿನವರೇ ಆದ ಆರ್ಥರ್ ಆಂಡರ್ಸನ್ ಎಂಬ ಹಡಗು ಉದ್ಯಮಿ ತಮ್ಮ ನಾಡಿನ ನಯವಾದ ಕಾಲುಚೀಲಗಳನ್ನು ವಿಕ್ಟೋರಿಯಾ ರಾಣಿಗೆ ಅರ್ಪಿಸಿದರು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಶೆಟ್ಲೆಂಡಿನ ಲೇಸ್ ಶಾಲುಗಳನ್ನು ಇರಿಸಲಾಯಿತು. ಸಿರಿವಂತರ ಮನೆಗಳಲ್ಲಿ ಅವುಗಳಿಗೆ ಬೇಡಿಕೆ ಬೆಳೆಯಿತು. ಹೆಣೆದವಳ ಮನೆಯ ಬಡತನ ಮಾತ್ರ ನೀಗಲಿಲ್ಲ.

ಕಾರಣವನ್ನು ಕೇಳಿ. ಹೆಂಗಸರು ತಮ್ಮ ಹೆಣಿಗೆಯನ್ನು ಲರ್ವಿಕ್ ಪಟ್ಟಣದ ವರ್ತಕರಿಗೆ ಒಪ್ಪಿಸಿದಾಗ ಕೈಗೆ ಸಾಮಾನ್ಯವಾಗಿ ಹಣ ಬರುತ್ತಿರಲಿಲ್ಲ. ಅದೇ ಅಂಗಡಿಯ ಬಟ್ಟೆ, ಚಹಾಪುಡಿ ಮುಂತಾದ ಸರಕು, ಇಲ್ಲವೇ ಅದೇ ಅಂಗಡಿಯಲ್ಲಿ ನಡೆಯುವ ಚೀಟಿ ಸಿಗುತ್ತಿತ್ತು. ಇದಕ್ಕೆ ‘ಟ್ರಕ್’ ಪದ್ಧತಿ ಎಂದು ಹೆಸರು. ಇಂದಿನ ವಾಹನಕ್ಕೂ ಈ ಪದಕ್ಕೂ ಸಂಬಂಧವಿಲ್ಲ, ವಸ್ತುವಿನಿಮಯವೆಂದು ಅದರ ಅರ್ಥ. ಮನೆಯಲ್ಲಿ ಹಿಟ್ಟಿಲ್ಲದ ಹೆಂಗಸು ಆ ಚಹಾಪುಡಿಯನ್ನು ನೆರೆಹೊರೆಯವರಿಗೆ ಕೊಟ್ಟು ಹಿಟ್ಟು ಪಡೆಯಬೇಕಿತ್ತು. ಕುಣಿಕೆಯ ಲೆಕ್ಕವನ್ನು ಎಂದೂ ತಪ್ಪದ ಆಕೆಗೆ ತನ್ನ ದುಡಿಮೆಯ ಲೆಕ್ಕ ಮಾತ್ರ ಕೈಯಲ್ಲಿರಲಿಲ್ಲ. ಅದು ವರ್ತಕನ ಪುಸ್ತಕದಲ್ಲಿತ್ತು.

1872ರಲ್ಲಿ ಸರಕಾರದ ಆಯುಕ್ತರಾಗಿ ವಿಲಿಯಂ ಗತ್ರಿ ಎಂಬವರು ಶೆಟ್ಲೆಂಡಿಗೆ ಬಂದು ವಿಚಾರಣೆ ನಡೆಸಿದರು. ಅವರ ಮುಂದೆ ವರ್ತಕರಷ್ಟೇ ಅಲ್ಲ, ಹೆಣಿಗೆಗಾರ್ತಿಯರೂ ಸಾಕ್ಷಿ ನುಡಿದರು. ನಾಳೆ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕಾದ ಬಡ ಹೆಂಗಸು ಹೀಗೆ ಎದ್ದು ಮಾತನಾಡುವುದು ಸಾಮಾನ್ಯ ಧೈರ್ಯವಲ್ಲ. ಅವರ ಪ್ರಶ್ನೋತ್ತರಗಳು ಅಚ್ಚಾಗಿ ಇಂದಿಗೂ ಉಳಿದಿವೆ. ಹೆಸರಿಲ್ಲದ ಕೈಗಳಿಗೆ ಅಲ್ಲಿ ಹೆಸರೂ ದನಿಯೂ ದೊರೆತವು.

ಆದರೂ ಪರಿಹಾರ ತಡವಾಯಿತು. ಅಷ್ಟರಲ್ಲಿ, 1881ರ ಜುಲೈ ತಿಂಗಳಲ್ಲಿ, ಬಿರುಗಾಳಿಗೆ ಸಿಕ್ಕಿ 58 ಮಂದಿ ಬೆಸ್ತರು ಕಡಲುಪಾಲಾದರು. ಗ್ಲೂಪ್ ದುರಂತವೆಂದು ಅದು ಪ್ರಸಿದ್ಧ. ಇಂಥ ವಿಧವೆಯರ ಮನೆಗಳಲ್ಲಿ ಹೆಣಿಗೆಯೆಂಬುದು ಬಿಡುವಿನ ವಿನೋದವಲ್ಲ, ಮಕ್ಕಳ ತುತ್ತಿನ ಪ್ರಶ್ನೆ. ಕೊನೆಗೆ 1887ರ ತಿದ್ದುಪಡಿ ಕಾಯಿದೆಯು, ಮನೆಯಲ್ಲೇ ಹೆಣೆದು ಮಾರುವವರನ್ನೂ ಕೂಲಿಕಾರರೆಂದು ಪರಿಗಣಿಸಿ, 5 ಪೌಂಡಿಗಿಂತ ಕಡಿಮೆ ಬೆಲೆಯ ಅವರ ಸರಕಿಗೂ ರಕ್ಷಣೆ ನೀಡಿತು. ಹಳೆಯ ವಾಡಿಕೆ ಒಮ್ಮೆಲೇ ಅಳಿಯಲಿಲ್ಲ. 20ನೆಯ ಶತಮಾನದ ಆರಂಭದವರೆಗೂ ಅಲ್ಲಲ್ಲಿ ಮುಂದುವರಿಯಿತು. ಆ ಕಾಯಿದೆ ಬಂದ ನಾಲ್ಕು ವರ್ಷಗಳಿಗೆ, 1891ರಲ್ಲಿ, ಪೋಪ್ ಹದಿಮೂರನೆಯ ಲಿಯೋರವರು ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರದಲ್ಲಿ ದುಡಿದವರ ಕೂಲಿಯನ್ನು ವಂಚಿಸುವುದು ಮಹಾಪಾಪವೆಂದು ಲೋಕಕ್ಕೆಲ್ಲ ಸಾರಿದುದನ್ನು ನಾವು ಇಲ್ಲಿ ಸ್ಮರಿಸಬಹುದು.

ಉನ್ಸ್ಟ್ ದ್ವೀಪದ ಸಂಗ್ರಹಾಲಯದಲ್ಲಿ ಅಂದಿನ ಲೇಸ್ ಹೊದಿಕೆಗಳನ್ನು ಇಂದೂ ಕಾಣಬಹುದು. ನೋಡಿದವರು ಅವುಗಳ ನವುರನ್ನು ಹೊಗಳುವುದು ನ್ಯಾಯವೇ. ಆದರೆ ಹೊಗಳಿಕೆ ಕೂಲಿಯಾಗಲಾರದು. ಪ್ರಿಯ ವಾಚಕರೇ, ಕೈಹೆಣಿಗೆಯ ವಸ್ತುವೊಂದು ನಿಮ್ಮ ಮನೆಗೆ ಬಂದಾಗ ‘ಎಷ್ಟು ಚೆನ್ನಾಗಿದೆ’ ಎಂದಷ್ಟೇ ಹೇಳಿ ಸುಮ್ಮನಾಗದಿರಿ. ಹೆಣೆದವಳ ಕೈಗೆ ಎಷ್ಟು ಸೇರಿತೆಂದೂ ಕೇಳಿರಿ. ಆ ಪ್ರಶ್ನೆಯನ್ನು ಕೇಳಲು ಲೋಕವು 1872ರವರೆಗೆ ಕಾಯಿತು, ನಾವು ಕಾಯಬೇಕಾಗಿಲ್ಲ.