ನನ್ನ ಕರ್ಮ, ಅವರ ಕರ್ಮ

ನಮ್ಮ ನಿತ್ಯದ ಮಾತಿನಲ್ಲಿ 'ಕರ್ಮ' ಎಂಬ ಶಬ್ದ ದುಡಿಯುವಷ್ಟು ಬೇರಾವ ಶಾಸ್ತ್ರಶಬ್ದವೂ ದುಡಿಯಲಾರದು. ಬಸ್ಸು ತಪ್ಪಿದರೆ 'ನನ್ನ ಕರ್ಮ' ಎನ್ನುತ್ತೇವೆ. ಮಾತು ಕೇಳದ ಮಗನನ್ನು ನೆನೆದು 'ಏನು ಕರ್ಮವೋ' ಎಂದು ಹಣೆ ಚಚ್ಚಿಕೊಳ್ಳುತ್ತೇವೆ. ನೆರೆಮನೆಯವರಿಗೆ ಕಷ್ಟ ಬಂದಾಗ 'ಅವರವರ ಕರ್ಮ' ಎಂದು ನಿಟ್ಟುಸಿರುಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತೇವೆ. ತೀರಿಕೊಂಡವರಿಗಾಗಿ ಹನ್ನೊಂದನೆಯ ದಿನ ಮಾಡುವುದೂ ಕರ್ಮವೇ. ವ್ಯಾಕರಣದ ಪಾಠದಲ್ಲಿ ಕರ್ತೃವಿಗೂ ಕ್ರಿಯೆಗೂ ನಡುವೆ ಕುಳಿತಿರುವುದೂ ಕರ್ಮವೇ. ಇಷ್ಟೆಲ್ಲ ಕೈ ಬದಲಾಯಿಸಿದ ನಾಣ್ಯ ಸವೆಯುವುದು ಸಹಜ. ಅದರ ಮೇಲೆ ಮೊದಲು ಇದ್ದ ಮುದ್ರೆ ಯಾವುದು, ಅದರ ಜೊತೆಗೇ ಕೇಳಿಬರುವ ಅನಾಸಕ್ತಿ ಎಂಬುದರ ಅರ್ಥವೇನು, ಇವೆರಡನ್ನೂ ಬದುಕಿ ನೋಡಿದವರ ಅನುಭವವೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ.

ಈ ವಿಚಾರ ನನಗೆ ಪುಸ್ತಕದಿಂದ ಮಾತ್ರ ಬಂದುದಲ್ಲ. ನಮ್ಮ ತಾತ ಶಾಲೆಯ ಮೇಷ್ಟರಾಗಿದ್ದು ನಿವೃತ್ತರಾದವರು. ಲೋಕಮಾನ್ಯ ತಿಲಕರ ಪರಮ ಅಭಿಮಾನಿ. ತಿಲಕರ 'ಗೀತಾರಹಸ್ಯ'ದ ಕನ್ನಡ ಅನುವಾದ ನಮ್ಮ ದೇವರಮನೆಯ ಗೂಡಿನಲ್ಲಿ ಇರುತ್ತಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ ಅದರ ನಾಲ್ಕು ಪುಟ ಓದದೆ ತಾತ ಕಾಫಿ ಮುಟ್ಟುತ್ತಿರಲಿಲ್ಲ. ಅದೇ ಮನೆಯಲ್ಲಿ ನನ್ನ ಸೋದರತ್ತೆ ಇದ್ದರು. ಹದಿನೆಂಟನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಊರಿನ ಉಪಾಧ್ಯಾಯಿನಿಯೊಬ್ಬರು ಮನೆಗೆ ಬಂದು, ಹುಡುಗಿ ಚುರುಕಾಗಿದ್ದಾಳೆ, ಮುಂದೆ ಓದಿಸಿ, ತಾನೇ ದಾರಿ ತೋರಿಸುವೆನೆಂದು ಕೇಳಿಕೊಂಡರಂತೆ. ತಾತ ಪುಸ್ತಕದಿಂದ ತಲೆಯೆತ್ತಿ, "ಅವಳ ಕರ್ಮ ತಾಯಿ, ನಾವೇನು ಮಾಡಲಾದೀತು?" ಎಂದರಂತೆ. ಅಲ್ಲಿಗೆ ಮಾತು ಮುಗಿಯಿತು. ತಾತ ಕಠಿಣ ಹೃದಯದವರಲ್ಲ. ಮಗಳೆಂದರೆ ಅವರಿಗೆ ಪ್ರಾಣ. ಆದರೂ ಕರ್ಮಯೋಗಶಾಸ್ತ್ರವನ್ನು ನಿತ್ಯ ಪಾರಾಯಣ ಮಾಡುವವರ ಬಾಯಿಂದ ಆ ಮಾತು ಹೇಗೆ ಬಂದಿತು ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ.

ವೇದದ ಕಾಲಕ್ಕೆ ಕರ್ಮವೆಂದರೆ ಮುಖ್ಯವಾಗಿ ಯಜ್ಞಕರ್ಮ. ವಿಧಿಯರಿತು ಮಾಡಿದರೆ ಇಂಥದಕ್ಕೆ ಇಂಥ ಫಲ ಎಂಬ ನಂಬಿಕೆ. ಈ ಶಬ್ದ ನಡತೆಯ ಕಡೆಗೆ ತಿರುಗಿದ ಗಳಿಗೆಯನ್ನು ಬೃಹದಾರಣ್ಯಕ ಉಪನಿಷತ್ತಿನಲ್ಲಿ ಕಾಣಬಹುದು. ಸತ್ತವನ ದೇಹ ಪಂಚಭೂತಗಳಲ್ಲಿ ಸೇರಿಹೋದ ಮೇಲೆ ಆ ಮನುಷ್ಯ ಎಲ್ಲಿರುತ್ತಾನೆ ಎಂದು ಆರ್ತಭಾಗನು ಜನಕನ ಸಭೆಯಲ್ಲಿ ಯಾಜ್ಞವಲ್ಕ್ಯನನ್ನು ಕೇಳುತ್ತಾನೆ. ಯಾಜ್ಞವಲ್ಕ್ಯನು ತುಂಬಿದ ಸಭೆಯಲ್ಲಿ ಉತ್ತರ ಕೊಡುವುದಿಲ್ಲ. ಕೈ ಹಿಡಿದುಕೊಂಡು ಏಕಾಂತಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಅವರಿಬ್ಬರೂ ಮಾತಾಡಿದ್ದು ಕರ್ಮವನ್ನು ಕುರಿತು, ಒಳ್ಳೆಯ ಕೆಲಸದಿಂದ ಮನುಷ್ಯ ಒಳ್ಳೆಯವನಾಗುತ್ತಾನೆ, ಕೆಟ್ಟದ್ದರಿಂದ ಕೆಟ್ಟವನಾಗುತ್ತಾನೆ ಎಂಬುದನ್ನು ಕುರಿತು ಎಂದು ಉಪನಿಷತ್ತು ತಿಳಿಸುತ್ತದೆ. ಇಂದು ಬೀದಿಯಲ್ಲಿ ನಿಂತು ನಾವು ಇನ್ನೊಬ್ಬರ ಮೇಲೆ ಎಸೆಯುವ ಮಾತನ್ನು ಆ ಋಷಿ ಸಭೆಯಲ್ಲಿ ಆಡಲೂ ಹಿಂಜರಿದಿದ್ದನೆಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ಅನಂತರದ ವೇದಾಂತಿಗಳು ಕರ್ಮವನ್ನು ಸಂಚಿತ, ಪ್ರಾರಬ್ಧ, ಆಗಾಮಿ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಬತ್ತಳಿಕೆಯಲ್ಲಿರುವ ಬಾಣ, ಬಿಲ್ಲಿನಿಂದ ಹೊರಟುಹೋದ ಬಾಣ, ಈಗ ಹೂಡುತ್ತಿರುವ ಬಾಣ ಎಂಬ ಉಪಮೆ ಪ್ರಸಿದ್ಧವಾಗಿದೆ. ಹಣೆಬರಹವೆಂದು ನಾವು ಕರೆಯುವುದು ಹೊರಟುಹೋದ ಬಾಣವೊಂದನ್ನೇ. ಹೂಡುತ್ತಿರುವ ಬಾಣದ ಮೇಲೆ ಕೈ ಇನ್ನೂ ಇದೆ. ಶಾಸ್ತ್ರ ಬಿಟ್ಟುಕೊಟ್ಟ ಈ ಸ್ವಾತಂತ್ರ್ಯವನ್ನು ಆಡುಮಾತು ಮರೆತುಬಿಟ್ಟಿತು.

ಗೀತೆ ಹಿಡಿದದ್ದು ಆ ಕೈಯನ್ನೇ. ಎರಡನೆಯ ಅಧ್ಯಾಯದ ನಲವತ್ತೇಳನೆಯ ಶ್ಲೋಕವನ್ನು ಕೇಳದವರು ವಿರಳ. ಅದರಲ್ಲಿ ನಾಲ್ಕು ಮಾತುಗಳಿವೆ: ಕೆಲಸದಲ್ಲಿ ನಿನಗೆ ಅಧಿಕಾರ, ಫಲದಲ್ಲಿ ಇಲ್ಲ, ಫಲಕ್ಕಾಗಿಯೇ ಮಾಡುವವನಾಗಬೇಡ, ಹಾಗೆಂದು ಸುಮ್ಮನಿರುವುದಕ್ಕೂ ಅಂಟಿಕೊಳ್ಳಬೇಡ. ಮೊದಲೆರಡು ಮಾತು ಎಲ್ಲರ ನಾಲಗೆಯ ಮೇಲಿದೆ. ಕೊನೆಯದು ಎಷ್ಟು ಜನರ ಕಿವಿಗೆ ಬಿದ್ದಿದೆಯೋ ತಿಳಿಯದು. ಶಂಕರಾಚಾರ್ಯರ ಭಾಷ್ಯದಲ್ಲಿ ಕರ್ಮ ಚಿತ್ತಶುದ್ಧಿಗೆ ಮೆಟ್ಟಿಲು, ಮೋಕ್ಷ ಜ್ಞಾನದಿಂದಲೇ. ಆದ್ದರಿಂದ ಜ್ಞಾನಿಗೆ ಸಂನ್ಯಾಸ ಸಹಜವಾಯಿತು. ಆ ಉನ್ನತವಾದ ವಿಚಾರ ಕಾಲಕ್ರಮದಲ್ಲಿ ಸಾಮಾನ್ಯರ ಮನೆಯಂಗಳಕ್ಕೆ ಇಳಿದು ಬರುವಾಗ, ಸಂಸಾರದಲ್ಲಿ ಮಾಡುವುದೆಲ್ಲ ಕೀಳು, ಬಿಟ್ಟುಬಿಡುವುದೇ ಮೇಲು ಎಂಬ ರೂಪ ತಾಳಿತು.

ಈ ರೂಪಕ್ಕೆ ಎದುರಾಗಿ ನಿಂತ ಗ್ರಂಥವೊಂದು ಹುಟ್ಟಿದ್ದು ಸೆರೆಮನೆಯಲ್ಲಿ. 1908ರ ಜುಲೈನಲ್ಲಿ ರಾಜದ್ರೋಹದ ಆರೋಪದ ಮೇಲೆ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಯಿತು. ಅವರನ್ನು ಬರ್ಮಾದ ಮಂಡಾಲೆಗೆ ಸಾಗಿಸಿದರು. ವಯಸ್ಸು ಐವತ್ತೆರಡು, ಮೈಯಲ್ಲಿ ಮಧುಮೇಹ. ಅಲ್ಲಿ 1910-11ರ ಚಳಿಗಾಲದ ಕೆಲವೇ ತಿಂಗಳುಗಳಲ್ಲಿ, ಶಾಯಿಗೆ ಅನುಮತಿಯಿಲ್ಲದೆ, ಪೆನ್ಸಿಲಿನಿಂದ 'ಗೀತಾರಹಸ್ಯ'ವನ್ನು ಮರಾಠಿಯಲ್ಲಿ ಬರೆದು ಮುಗಿಸಿದರು. ಗೀತೆಯ ತಾತ್ಪರ್ಯ ಸಂನ್ಯಾಸವಲ್ಲ, ಜ್ಞಾನವಾದ ಮೇಲೂ ಲೋಕಸಂಗ್ರಹಕ್ಕಾಗಿ ಕರ್ಮ ಮಾಡುತ್ತಲೇ ಇರಬೇಕು ಎಂಬುದು ಅವರ ವಾದ. 1912ರಲ್ಲಿ ಪತ್ನಿ ಸತ್ಯಭಾಮಾಬಾಯಿ ಪುಣೆಯಲ್ಲಿ ತೀರಿಕೊಂಡರು. ಪತಿಗೆ ಸಿಕ್ಕಿದ್ದು ಸುದ್ದಿ ಮಾತ್ರ. 1914ರ ಜೂನ್‌ನಲ್ಲಿ ಬಿಡುಗಡೆಯಾದಾಗ ಹಸ್ತಪ್ರತಿ ಸರ್ಕಾರದ ವಶದಲ್ಲೇ ಉಳಿಯಿತು. ಅದು ಮರಳಿ ಬಂದೀತೇ ಎಂದು ಸ್ನೇಹಿತರು ಕಳವಳಪಟ್ಟರೆ, ಪುಸ್ತಕ ಅವರ ಬಳಿ ಇದ್ದರೇನಾಯಿತು, ವಿಚಾರ ನನ್ನ ತಲೆಯಲ್ಲಿದೆ, ಮತ್ತೆ ಬರೆದರಾಯಿತು ಎಂಬ ಅರ್ಥದ ಮಾತನ್ನು ತಿಲಕರು ಆಡಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹಸ್ತಪ್ರತಿ ಕೊನೆಗೂ ಕೈಸೇರಿ 1915ರಲ್ಲಿ ಗ್ರಂಥ ಪ್ರಕಟವಾಯಿತು. ನಿಷ್ಕಾಮಕರ್ಮವನ್ನು ಕುರಿತು ಬರೆದವರಿಗೆ ತಮ್ಮ ಪುಸ್ತಕದ ವಿಷಯದಲ್ಲೇ ಅದರ ಪರೀಕ್ಷೆ ಒದಗಿತು ಎನ್ನಬೇಕು.

ಅದೇ 1915ರಲ್ಲಿ ಕನ್ನಡದಲ್ಲಿ ಎಂ. ಎಸ್. ಪುಟ್ಟಣ್ಣನವರ ಕಾದಂಬರಿ ಹೊರಬಂದಿತು. ಅದರ ಹೆಸರು 'ಮಾಡಿದ್ದುಣ್ಣೋ ಮಹಾರಾಯ'. ನಮ್ಮ ಜನ ಕರ್ಮಸಿದ್ಧಾಂತವನ್ನು ಎರಡೇ ಶಬ್ದಗಳಲ್ಲಿ ಅಡಕಗೊಳಿಸಿದ ಗಾದೆ ಅದು. ಗಾದೆಯಲ್ಲಿ ಕ್ರಿಯಾಪದ ಎಲ್ಲಿದೆಯೆಂಬುದನ್ನು ನೋಡಬೇಕು: ಉಣ್ಣುವುದಕ್ಕೆ ಮೊದಲು ಮಾಡುವುದಿದೆ. ತಿಲಕರ ಗ್ರಂಥವನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು. ಕರ್ನಾಟಕದ ಏಕೀಕರಣಕ್ಕಾಗಿ ಬದುಕನ್ನೇ ತೆತ್ತ ಆ ಮಹನೀಯರ ಕೈಯಿಂದಲೇ ಕರ್ಮಯೋಗ ನಮ್ಮ ತಾತನಂಥವರ ಮನೆಗೆ ಬಂದಿತೆಂಬುದು ಅರ್ಥಪೂರ್ಣವಾಗಿದೆ.

ಮುಂದೆ ಸೆರೆಮನೆಗೂ ಗೀತೆಗೂ ಒಂದು ನಂಟೇ ಬೆಳೆಯಿತು. 1932ರ ಫೆಬ್ರವರಿಯಿಂದ ಜೂನ್‌ವರೆಗೆ ಧುಳೆಯ ಸೆರೆಮನೆಯಲ್ಲಿ ವಿನೋಬಾ ಭಾವೆಯವರು ಭಾನುವಾರಗಳಂದು ಹದಿನೆಂಟು ಅಧ್ಯಾಯಗಳಿಗೆ ಹದಿನೆಂಟು ಪ್ರವಚನಗಳನ್ನು ಮಾಡಿದರು. ಸಾನೆ ಗುರೂಜಿ ಅವನ್ನು ಬರೆದುಕೊಂಡರು. ಗಾಂಧೀಜಿಯವರ ಗುಜರಾತಿ ಅನುವಾದ 'ಅನಾಸಕ್ತಿಯೋಗ' ಹೊರಬಂದದ್ದು 1930ರ ಮಾರ್ಚ್ 12ರಂದು, ಎಂದರೆ ದಂಡಿಯಾತ್ರೆ ಹೊರಟ ದಿನವೇ. ಅನಾಸಕ್ತಿ ಎಂಬ ಹೆಸರಿನ ಪುಸ್ತಕವನ್ನು ಲೋಕಕ್ಕೆ ಕೊಟ್ಟು, ಅದೇ ದಿನ ಸುಮಾರು 240 ಮೈಲಿಯ ನಡಿಗೆಗೆ ಹೊರಟವರನ್ನು ಉದಾಸೀನರೆಂದು ಯಾರೂ ಕರೆಯಲಾರರು. ಫಲತ್ಯಾಗವೆಂದರೆ ಫಲದ ಬಗ್ಗೆ ಅಲಕ್ಷ್ಯವಲ್ಲವೆಂದು ಅವರು ಮುನ್ನುಡಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಏನು ಪರಿಣಾಮ ಬರಬೇಕು, ಅದಕ್ಕೆ ಸಾಧನ ಯಾವುದು, ತನ್ನ ಶಕ್ತಿ ಎಷ್ಟು ಎಂಬುದನ್ನು ಕರ್ಮಯೋಗಿ ತಿಳಿದಿರಬೇಕು. ಇಷ್ಟೂ ತಿಳಿದು, ಪೂರ್ಣ ಮನಸ್ಸಿನಿಂದ ಮಾಡಿ, ಬಂದದ್ದಕ್ಕೆ ಕಂಗೆಡದಿರುವುದು ಅನಾಸಕ್ತಿ. ಉಪ್ಪನ್ನು ಲೆಕ್ಕಹಾಕಿ ಹಾಕುವ ಅಡಿಗೆಯವನಿಗೂ, ಹೇಗಾದರೂ ಆಗಲಿ ಎಂದು ಸುರಿಯುವವನಿಗೂ ಇರುವ ವ್ಯತ್ಯಾಸ ಇದು.

ಆ 'ಅನಾಸಕ್ತಿಯೋಗ'ವನ್ನು ಇಂಗ್ಲಿಷಿಗೆ ತಂದು ವಿಸ್ತಾರವಾದ ಪೀಠಿಕೆ ಬರೆದವರು ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿ. ಅವರು ಆ ಕೆಲಸ ಮಾಡಿದ್ದು ನಮ್ಮ ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ, 1933-34ರಲ್ಲಿ. 1924ರಲ್ಲಿ ಗಾಂಧೀಜಿಯವರು ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ಊರೇ ಅದು. ಸಿಕ್ಕ ಗ್ರಂಥಗಳನ್ನೆಲ್ಲ ತರಿಸಿ, ಪರಿಶ್ರಮಪಟ್ಟು ಬರೆದ ಆ ಪುಸ್ತಕ ಅವರ ಕಾಲದಲ್ಲಿ ಅಚ್ಚಾಗಲಿಲ್ಲ. 1942ರ ಆಗಸ್ಟ್ 9ರಂದು ಬಂಧಿತರಾದ ಮಹಾದೇವ ದೇಸಾಯಿಯವರು ಆರೇ ದಿನಗಳಲ್ಲಿ, ಆಗಸ್ಟ್ 15ರಂದು, ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡರು. ಪುಸ್ತಕ ಗಾಂಧೀಜಿಯವರ ಮುನ್ನುಡಿಯೊಡನೆ ಹೊರಬಂದದ್ದು 1946ರಲ್ಲಿ. ಬರೆದವರು ಪುಸ್ತಕವನ್ನೂ ನೋಡಲಿಲ್ಲ, ಸರಿಯಾಗಿ ಐದು ವರ್ಷಗಳ ಅನಂತರ ಅದೇ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯವನ್ನೂ ನೋಡಲಿಲ್ಲ. ಹಿಂಡಲಗಾದ ಕೋಣೆಯಲ್ಲಿ ಆ ಪುಟಗಳನ್ನು ತಿದ್ದುತ್ತಿದ್ದಾಗ ಅವರಿಗೆ ಇದಾವುದೂ ತಿಳಿದಿರಲಿಲ್ಲ. ತಿಳಿದಿದ್ದರೂ ತಿದ್ದುವುದನ್ನು ಬಿಡುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ಆದರೆ ಕಥೆ ಇಲ್ಲಿಗೇ ನಿಲ್ಲುವಷ್ಟು ಸರಳವಲ್ಲ. ಅದೇ ಕಾಲದಲ್ಲಿ, 1934ರ ಜನವರಿ 15ರಂದು, ಬಿಹಾರದಲ್ಲಿ ಭೀಕರ ಭೂಕಂಪವಾಗಿ ಸಾವಿರಾರು ಜನ ಸತ್ತರು. ಹರಿಜನ ಸೇವೆಗಾಗಿ ದೇಶಸಂಚಾರದಲ್ಲಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯೆಂಬ ನಮ್ಮ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ರವೀಂದ್ರನಾಥ ಠಾಕೂರರು ಇದನ್ನು ಒಪ್ಪಲಿಲ್ಲ. ಪ್ರಕೃತಿಯ ಘಟನೆಗೆ ಪ್ರಕೃತಿಯಲ್ಲೇ ಕಾರಣವಿರುತ್ತದೆ. ಇಂಥ ತರ್ಕ ಮಹಾತ್ಮರಿಗಿಂತ ಅವರ ವಿರೋಧಿಗಳಿಗೇ ಹೆಚ್ಚು ಒಗ್ಗುತ್ತದೆ, ಈ ವಿಪತ್ತಿಗೆ ಅವರನ್ನೇ ಹೊಣೆಮಾಡಿದರೂ ಆಶ್ಚರ್ಯವಿಲ್ಲ ಎಂದು ಅವರು ಆಕ್ಷೇಪಿಸಿದರು. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚುಹಾಕಿ ಉತ್ತರ ಕೊಟ್ಟರು. ತಮ್ಮ ನಂಬಿಕೆಯನ್ನು ಬಿಡಲಿಲ್ಲ. ಇಬ್ಬರೂ ನಮಗೆ ಪೂಜ್ಯರು. ಈ ವಾದದಲ್ಲಿ ಮಾತ್ರ ನಾನು ಕವಿಯ ಕಡೆ. ಸವರ್ಣೀಯರು ತಮ್ಮ ಪಾಪವನ್ನು ನೆನೆಯಬೇಕೆಂಬ ಕರೆ ನ್ಯಾಯವಾದದ್ದೇ. ಆದರೆ ಬಿಹಾರದ ಗುಡಿಸಲಿನಲ್ಲಿ ಸತ್ತ ಮಗುವನ್ನು ಆ ಪಾಪದ ಲೆಕ್ಕದಲ್ಲಿ ಬರೆಯುವುದು ಯಾವ ನ್ಯಾಯ? ಅಷ್ಟು ದೊಡ್ಡ ಕರ್ಮಯೋಗಿಯ ಕೈಯಲ್ಲೂ ಕರ್ಮದ ಮಾತು ತನ್ನಿಂದ ಇನ್ನೊಬ್ಬರ ಕಡೆಗೆ ತಿರುಗಿದೊಡನೆ ದಾರಿ ತಪ್ಪಿತು.

ಈ ಮಾತಿನ ಏಟನ್ನು ಸ್ವತಃ ಉಂಡ ಸಮುದಾಯದಿಂದ ಬಂದ ಅಂಬೇಡ್ಕರರು ಇನ್ನೂ ಕಟುವಾಗಿ ನುಡಿದರು. ಅವರು ತೀರಿಕೊಂಡ ಮರುವರ್ಷ, 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ, ಹಿಂದಿನ ಜನ್ಮದ ಕರ್ಮವೆಂಬ ವಾದ ಬಡವರ ಹಾಗೂ ಕೆಳಗೆ ತಳ್ಳಲ್ಪಟ್ಟವರ ಸ್ಥಿತಿಗೆ ಸಮಾಜವೂ ರಾಜ್ಯವೂ ಹೊಣೆಯಲ್ಲವೆಂದು ನುಣುಚಿಕೊಳ್ಳುವುದಕ್ಕೆ ಸಾಧನವಾಯಿತೆಂದು ಅವರು ತೋರಿಸಿದರು. ಇದನ್ನು ಓದಿ ಸಿಟ್ಟಾಗುವ ಆಸ್ತಿಕರನ್ನು ನಾನು ಕಂಡಿದ್ದೇನೆ. ಸಿಟ್ಟಾಗುವ ಮೊದಲು ನಮ್ಮ ನಮ್ಮ ಮನೆಯ ಜಗಲಿಯ ಮೇಲೆ ಆಡಿದ ಮಾತುಗಳನ್ನು ಒಮ್ಮೆ ನೆನೆದುಕೊಳ್ಳುವುದು ಒಳ್ಳೆಯದು. ನಮ್ಮ ತಾತನ ಮಾತು ಅಂಥದೇ ಆಗಿತ್ತು.

ಇವೆಲ್ಲವನ್ನೂ ಕೂಡಿಸಿ ನೋಡಿದಾಗ ನನಗೆ ಕಾಣುವುದು ಇಷ್ಟು. ಕರ್ಮವೆಂಬುದು ಉತ್ತಮ ಪುರುಷದಲ್ಲಿ ಆಡಬೇಕಾದ ಮಾತು. 'ನಾನು ಮಾಡಿದ್ದಕ್ಕೆ ನಾನು ಹೊಣೆ' ಎಂದಾಗ ಅದು ಧರ್ಮ; 'ಅವನು ಪಡೆದುಬಂದದ್ದು' ಎಂದಾಗ ಅದೇ ಮಾತು ಕ್ರೌರ್ಯಕ್ಕೆ ಹೊದಿಸಿದ ಶಲ್ಯ. ಅನಾಸಕ್ತಿಯೂ ಹಾಗೆಯೇ. ನನಗೆ ಬರಬೇಕಾದ ಫಲದಲ್ಲಿ ನಾನು ಅನಾಸಕ್ತನಾಗಿರಬಹುದು. ಇನ್ನೊಬ್ಬರ ನೋವಿನಲ್ಲಿ ಅನಾಸಕ್ತನಾಗಲು ಯಾವ ಶಾಸ್ತ್ರವೂ ನನಗೆ ಅಧಿಕಾರ ಕೊಟ್ಟಿಲ್ಲ. ಅದರ ಅಭ್ಯಾಸಕ್ಕೆ ಅರಣ್ಯವೂ ಬೇಡ, ಸೆರೆಮನೆಯೂ ಬೇಡ. ಸಹಾಯ ಮಾಡಿದ ಮೇಲೆ ಕೃತಜ್ಞತೆ ಬಂದೀತೆಂದು ಬಾಗಿಲ ಕಡೆ ನೋಡದಿರುವುದು, ಮಕ್ಕಳನ್ನು ಬೆಳೆಸಿದ ಲೆಕ್ಕವನ್ನು ಮುಪ್ಪಿನಲ್ಲಿ ಮುಂದಿಡದಿರುವುದು, ಕೈಗೂಡದ ಕೆಲಸವನ್ನು ಮರುದಿನ ಬೆಳಿಗ್ಗೆ ಮತ್ತೆ ಎತ್ತಿಕೊಳ್ಳುವುದು ಸಾಕು.

ಅತ್ತೆ ಇದನ್ನು ಯಾವ ಗ್ರಂಥವನ್ನೂ ಓದದೆ ಮಾಡಿದರು. ನಮ್ಮ ಬೀದಿಯ ಬಾಣಂತನಗಳೂ ಕಾಯಿಲೆಗಳೂ ಅವರ ಕೈಯಲ್ಲೇ ಹಾದುಹೋದವು. 'ಕರ್ಮ' ಎಂಬ ಶಬ್ದ ಅವರ ಬಾಯಲ್ಲಿ ನಾನು ಕೇಳಲೇ ಇಲ್ಲ. ಕೆಲಸ ಎಂದೇ ಅನ್ನುತ್ತಿದ್ದರು. ತಾತ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ಆ ಹಳೆಯ ಪುಸ್ತಕದ ಧೂಳು ಒರೆಸುತ್ತ, "ಇದರಲ್ಲಿ ಏನಿದೆಯೋ, ಮಗು?" ಎಂದು ನನ್ನನ್ನು ಕೇಳಿದರು. ನಾನು ಆ ಶ್ಲೋಕದ ನಾಲ್ಕು ಮಾತನ್ನೂ ಒಂದೊಂದಾಗಿ ಬಿಡಿಸಿ ಹೇಳಿದೆ. ಕೊನೆಯ ಮಾತು ಬಂದಾಗ ಒರೆಸುತ್ತಿದ್ದ ಕೈ ನಿಂತಿತು.

"ಸುಮ್ಮನೆ ಕೂರಬಾರದು ಅಂತಲೂ ಇದೆಯೇನೋ? ಹಾಗಾದರೆ ಅಪ್ಪ ಅಷ್ಟು ದೂರ ಓದಿರಲಿಲ್ಲವೇನೋ ಪಾಪ," ಎಂದರು.

ಆ ದನಿಯಲ್ಲಿ ದೂರು ಇರಲಿಲ್ಲ. ಪುಸ್ತಕವನ್ನು ಅದರ ಗೂಡಿನಲ್ಲಿಟ್ಟು, ಎದುರುಮನೆಯ ಮಗುವಿಗೆ ಕಷಾಯ ಕಾಯಿಸುವುದಿದೆಯೆಂದು ಒಳಗೆ ಹೋದರು.