ನಮ್ಮ ಮಾರಿಯೋಗೆ 32 ಸೆಕೆಂಡ್ ಜಾಸ್ತಿ

ಗೋಕಾಕ ಫಾಲ್ಸ್‌ನಿಂದ ಮಾತಾಡ್ತಾ ಇದ್ದೇನೆ. ಹಿಂದೆ ಸಪ್ಪಳ ಕೇಳಿದ್ರೆ ಅದು ಘಟಪ್ರಭೆ, ಮೈಕಿನ ದೋಷ ಅಲ್ಲ. ಇವತ್ತಿನ ಪ್ರಶ್ನೆ ಒಂದೇ. ನಮ್ಮ ಕಡೆ ಹುಡುಗರು ಆಡಿದ ಮಾರಿಯೋ, ಜಪಾನಿನ ಹುಡುಗರು ಆಡಿದ್ದಕ್ಕಿಂತ ಯಾಕೆ ನಿಧಾನ ಓಡ್ತಿದ್ದ? ಉತ್ತರ ಹುಡುಕಬೇಕಂದ್ರೆ ಗೋಡೆಯ ಪ್ಲಗ್ ಹತ್ರ ಹೋಗಬೇಕು.

ಅಮೆರಿಕದಲ್ಲಿ ಕರೆಂಟು ಸೆಕೆಂಡಿಗೆ 60 ಸಲ ಮಿಡಿಯುತ್ತದೆ, ಯುರೋಪಿನಲ್ಲಿ, ನಮ್ಮಲ್ಲಿ 50 ಸಲ. ಹಳೇ ಟಿವಿ ಮಾಡಿದವರು ಪರದೆಯನ್ನೂ ಅದೇ ಲಯಕ್ಕೆ ಇಟ್ಟರು, ಇಲ್ಲಾಂದ್ರೆ ಚಿತ್ರದ ಮೇಲೆ ಪಟ್ಟಿ ತೇಲ್ತಿದ್ದವು. ಹಿಂಗಾಗಿ ಅಮೆರಿಕದ ಎನ್‌ಟಿಎಸ್‌ಸಿಗೆ 525 ಗೆರೆ, ಹೆಚ್ಚುಕಮ್ಮಿ 60 ಮಿಡಿತ. ಜರ್ಮನಿಯಲ್ಲಿ ಹುಟ್ಟಿದ ಪಾಲ್‌ಗೆ 625 ಗೆರೆ, 50 ಮಿಡಿತ. ಜಪಾನ್ ಎನ್‌ಟಿಎಸ್‌ಸಿ ಹಿಡೀತು. (ತಮಾಷೆ ನೋಡ್ರಿ, ಟೋಕಿಯೋದ ಕರೆಂಟು ಮಾತ್ರ 50ರದ್ದೇ!) ಭಾರತ 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಪ್ರಸಾರ ಶುರು ಮಾಡಿದಾಗ ಪಾಲ್ ಆರಿಸಿತು.

ಮರುವರ್ಷ, 1983ರಲ್ಲಿ, ನಿಂಟೆಂಡೊ ಜಪಾನಿನಲ್ಲಿ ಫ್ಯಾಮಿಕಾಮ್ ಬಿಟ್ಟಿತು. ಅದಕ್ಕೆ ಬಂದ ಗೇಮ್‌ಗಳಿಗೆ ಗಡಿಯಾರ ಅಂದ್ರೆ ಟಿವಿನೇ. ಪರದೆ ಒಮ್ಮೆ ಮಿಡಿದರೆ ಮಾರಿಯೋ ಒಂದಿಷ್ಟು ಸರೀತಾನೆ. ನಾನು ಬಿ.ಕಾಂ. ಓದಿದವ, ಲೆಕ್ಕ ಹಾಕದೆ ಬಿಡೋದಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹಂತದಲ್ಲಿ ಟೈಮ್ 400. ಒಂದು ಅಂಕಿ ಇಳಿಯೋಕೆ 24 ಮಿಡಿತ ಬೇಕು, ಒಟ್ಟು 9,600. ಜಪಾನಿನಲ್ಲಿ ಅದು 160 ಸೆಕೆಂಡ್. ನಮ್ಮ ಟಿವಿಯಲ್ಲಿ 192. ಗಡಿಯಾರದ ಜೊತೆ ಮಾರಿಯೋನೂ ನಿಧಾನ ಆಗಿರ್ತಾನೆ, ಹಂಗಾಗಿ ಲಾಭ ಏನಿಲ್ಲ.

ಯುರೋಪಿಗೆ ಕೊಟ್ಟ ಮಾರಿಯೋ ಆವೃತ್ತಿಯಲ್ಲಿ ನಿಂಟೆಂಡೊ ವೇಗ ಸರಿಹೊಂದಿಸಿತ್ತು. ನಮ್ಮ ಕೈಗೆ ಸಿಕ್ಕಿದ್ದು ಅದಲ್ಲ. ಸಂತೆ, ಜಾತ್ರೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗ್ತಿದ್ದ ನಕಲಿ ಡಬ್ಬಿ, ಅದರ ಜೊತೆ ನಾವು 'ಕ್ಯಾಸೆಟ್' ಅಂತಿದ್ದ ಹಳದಿ ಕಾರ್ಟ್ರಿಡ್ಜ್. ಪಾಲ್ ದೇಶಗಳಿಗಂತ ಮಾಡಿದ ಇಂಥ ಬಹಳಷ್ಟು ಡಬ್ಬಿಗಳಲ್ಲಿ ತೈವಾನಿನ ಚಿಪ್ ಇರ್ತಿತ್ತು. ಅದರ ಜಾಣತನ ನನಗೆ ಭಾಳ ಇಷ್ಟ. ಪರದೆಯ ಮಿಡಿತ 50ಕ್ಕೆ ಇಳಿಸಿದರೂ ಪ್ರೊಸೆಸರ್ ವೇಗವನ್ನ ಜಪಾನಿನ ಮೂಲದ ಹತ್ತಿರವೇ ಉಳಿಸಿಕೊಂಡರು. ಅದಕ್ಕೇ ಸಂಗೀತದ ಶ್ರುತಿ ಹೆಚ್ಚುಕಮ್ಮಿ ಅದೇ, ತಾಳ ಮಾತ್ರ ನಿಧಾನ. ಯುರೋಪಿನ ಅಸಲಿ ಯಂತ್ರದಲ್ಲಿ ಪ್ರೊಸೆಸರೂ ಮಂದ. ಜಪಾನಿನ ಕ್ಯಾಸೆಟ್ ಹಾಕಿದರೆ ಅಲ್ಲಿ ಶ್ರುತಿಯೂ ಇಳೀತಿತ್ತು. ಈ ಒಂದು ವಿಷಯದಲ್ಲಿ ನಕಲೇ ಮೇಲು!

ಇನ್ನು ಅಮೆರಿಕದ ಸಂಬಂಧಿಕರು ತಂದ ಅಸಲಿ ಯಂತ್ರಗಳ ಕಥೆ. ಬರೇ ಪಾಲ್ ಗೊತ್ತಿದ್ದ ಟಿವಿಗೆ ಜೋಡಿಸಿದರೆ ಚಿತ್ರ ಮೇಲೆ-ಕೆಳಗೆ ಉರುಳ್ತಿತ್ತು, ನಿಂತರೂ ಕಪ್ಪು-ಬಿಳುಪು. ಬಣ್ಣ ಹೊತ್ತು ತರೋ ತರಂಗವೇ ಬೇರೆ, ಅಲ್ಲಿ 3.58 ಮೆಗಾಹರ್ಟ್ಸ್, ಇಲ್ಲಿ 4.43.

ಈಗ ಮೊಬೈಲಿನ ಎಮ್ಯುಲೇಟರ್‌ಗಳು ಸಾಮಾನ್ಯವಾಗಿ 60ಕ್ಕೇ ಓಡ್ತಾವೆ. ಅದೇ ಸರಿಯಾದ ವೇಗ ಅಂತಾರೆ, ಒಪ್ಪೋಣ. ಆದರೆ ನನ್ನ ಬೆರಳು 50ಕ್ಕೆ ಕಲಿತಾವೆ, ಪ್ರತಿ ಗುಂಡಿಯ ಹತ್ರ ಜಿಗಿಯೋದು ತಡ ಆಗ್ತದೆ. ಒಂದು ಇಡೀ ಸೀಮೆಯ ಮಕ್ಕಳು ಆಡಿದ ವೇಗವನ್ನ 'ತಪ್ಪು' ಅಂತ ಅಳಿಸಿಹಾಕೋದು ನನಗೆ ಒಪ್ಪಿಗೆ ಇಲ್ಲ. ಕೆಲವು ಎಮ್ಯುಲೇಟರ್‌ಗಳ ಸೆಟ್ಟಿಂಗ್‌ನಲ್ಲಿ 'ಡೆಂಡಿ' ಅಂತ ಒಂದು ಆಯ್ಕೆ ಇದೆ. ಅದು ರಷ್ಯಾದಲ್ಲಿ 1992ರಿಂದ ಮಾರಿದ ಇಂಥದ್ದೇ ನಕಲಿ ಡಬ್ಬಿಯ ಹೆಸರು. ಅದನ್ನ ಒತ್ತಿ ಆಡಿ ನೋಡ್ರಿ. ಅಟ್ಟದ ಮೇಲೆ ಹಳೇ ಡಬ್ಬಿ ಇದ್ರೆ ಗುಜರಿಗೆ ಹಾಕಬ್ಯಾಡ್ರಿ, ಬಿಚ್ಚಿ ಚಿಪ್ ಮೇಲಿನ ನಂಬರ್ ನನಗೆ ಕಳಿಸ್ರಿ.